ಅರಿಶಿನ ಹಚ್ಚದ ದಿನ

ತಗಡಿನ ಆಚೆ ಹಂಡೆಯ ಮುಚ್ಚಳ ಗಡಗಡ ಅನ್ನತೊಡಗಿತು.

ಗೋವೆಯ ಝುವಾರಿನಗರದ ಆ ಓಣಿಯಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಇರುವುದು ಒಂದೇ ತಗಡು. ಆಚೆಯವರು ಚಹಾಕ್ಕೆ ಸಕ್ಕರೆ ಕಲಕಿದರೂ ಈಚೆಯವರಿಗೆ ಗೊತ್ತಾಗುತ್ತದೆ. ಸಾವಂತ್ರೆವ್ವ ಸೆರಗು ಸಿಕ್ಕಿಸಿಕೊಂಡು ಕಿವಿ ಅತ್ತ ಇಟ್ಟು ಕುಳಿತಿದ್ದಳು. ನೀರು ಕಾದಿತ್ತು. ಇನ್ನು ಶಾರದವ್ವ ಒಲೆ ಸಣ್ಣ ಮಾಡುತ್ತಾಳೆ, ಬಕೆಟ್ಟಿಗೆ ನೀರು ತೋಡುತ್ತಾಳೆ, ತಂಬಿಗೆಯ ಸದ್ದಿಗೆ ಕೂಸು ಎಚ್ಚರಾಗಿ ಕಿರುಚುತ್ತದೆ. ದಿನಾ ಹಾಗೇ ಆಗುತ್ತಿತ್ತು.

ಮುಚ್ಚಳದ ಸದ್ದು ನಿಂತಿತು. ನೀರು ತೋಡಿದ್ದಾಯಿತು. ಅಳು ಬರಲಿಲ್ಲ.

“ನಿನ್ನೆನೂ ಅತ್ತಿದ್ದಿಲ್ಲ,” ಎಂದಳು ಸಾವಂತ್ರೆವ್ವ, ಯಾರಿಗೂ ಅಲ್ಲ ಎಂಬಂತೆ.

ಗೋಡೆಗೆ ಆತು ಬೀಡಿ ಹುಡುಕುತ್ತಿದ್ದ ಗಂಡ ಮಾನಪ್ಪ ನಕ್ಕ. “ಅತ್ರ ಯಾಕ ಅಳತೈತಿ ಅಂತಿ, ಅಳದಿದ್ರ ಯಾಕ ಅಳೂದಿಲ್ಲ ಅಂತಿ. ಆ ಕೂಸರ ಏನ ಮಾಡಬೇಕ?”

ಅವಳು ಎಣ್ಣೆಯ ಬಟ್ಟಲು ತೆಗೆದುಕೊಂಡು ಹೊರಬಿದ್ದಳು.

ಸಾವಂತ್ರೆವ್ವನ ಕೆಲಸ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯುವುದು. ಗಜೇಂದ್ರಗಡದ ಕಡೆಯ ಹಳ್ಳಿಯಿಂದ ಮಾನಪ್ಪನ ಹಿಂದೆ ಗೋವೆಗೆ ಬಂದಾಗ ಅವಳ ಹೊಟ್ಟೆಯಲ್ಲಿ ಮೊದಲನೆಯದು ಇತ್ತು. ಹಡೆದ ಮೇಲೆ ಎರೆಯಲು ತವರಿನವರೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಊರಲ್ಲಿ ಅತ್ತೆ ಮಂದಿಯ ಕೂಸುಗಳಿಗೆ ಎರೆಯುವುದನ್ನು ನೋಡಿದ್ದನ್ನೇ ನೆನಪು ಮಾಡಿಕೊಂಡು, ತಾನೇ ಕಾಲು ಚಾಚಿ ಕುಳಿತು, ತನ್ನ ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಎರೆದಿದ್ದಳು. ಎರೆಯುತ್ತ ಅತ್ತಿದ್ದಳು. ಆ ಕೂಸು ಬೆಳೆದು ಈಗ ಮಡಗಾಂವದಲ್ಲಿ ಟೆಂಪೊ ಓಡಿಸುತ್ತದೆ. ಅದರ ಗಟ್ಟಿಮುಟ್ಟಾದ ಕೈಕಾಲು ನೋಡಿ ಓಣಿಯವರು ಇವಳ ಕೈಗುಣ ಚಲೋ ಐತಿ ಅಂದರು. ಅಂದಿನಿಂದ ಬೆಳಗಾದರೆ ಒಂದಲ್ಲ ಒಂದು ಮನೆಯಲ್ಲಿ ನೀರು ಕಾದಿರುತ್ತದೆ. ಬಾಣಂತಿಗೆ, ಕೂಸಿಗೆ, ಇಬ್ಬರಿಗೂ ಎರೆದು, ಲೋಬಾನದ ಹೊಗೆ ಹಾಕಿ, ಸುತ್ತಿ ಮಲಗಿಸಿ ಬರುತ್ತಾಳೆ.

ಎರೆಯಲು ಹೋದ ಮನೆಯಲ್ಲಿ ಬೇರೆ ಮಾತೂ ಬರುತ್ತವೆ. ಲಸಿಕೆ ಎಲ್ಲಿ ಹಾಕುತ್ತಾರೆ, ಅಂಗನವಾಡಿಯಲ್ಲಿ ಬಾಣಂತಿಗೆ ಕೊಡುವ ಹಿಟ್ಟು ಹೊಸದಾಗಿ ಬಂದವರಿಗೂ ಸಿಗುತ್ತದೆಯೋ, ಕಾಲು ಸೋತ ಮುದುಕನಿಗೆ ಪಿಂಚಣಿ ಆಗಬೇಕಾದರೆ ಯಾರನ್ನು ಹಿಡಿಯಬೇಕು. ಹೊಸ ಬಾಣಂತಿಯರು ಅವಳ ಕಾಲ ಬಳಿ ಕುಳಿತು ಕೇಳುತ್ತಾರೆ. ಸಾವಂತ್ರೆವ್ವನಿಗೆ ಓದು ಬರುವುದಿಲ್ಲ. ಆದರೆ ದವಾಖಾನೆಯಲ್ಲಿ ಜಾಲರಿ ಕಿಟಕಿಯ ಮುಂದೆ ಚೀಟಿ ಮಾಡಿಸಬೇಕು, ಹಸಿರು ಬಾಗಿಲಿನ ಒಳಗೆ ಹೆಂಗಸರ ಡಾಕ್ಟರು ಕೂಡುತ್ತಾರೆ, ದಪ್ಪ ಕನ್ನಡಕದ ಸಿಪಾಯಿಗೆ ಸಿಟ್ಟು ಬೇಗ ಬರುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತು. ಹಾಗಾಗಿ ಹೆರಿಗೆಗೆ ಯಾರೇ ಹೊರಟರೂ ಮೊದಲು ಇವಳ ಬಾಗಿಲು ಬಡಿಯುತ್ತಾರೆ.

ಎರೆಯುವವರಿಗೆ ಒಂದು ಕಟ್ಟಳೆ ಇದೆ. ಕೂಸಿನ ಮೈಯ ಬಗ್ಗೆ ಮಾತಾಡಬಾರದು. ತುಂಬಿಕೊಂಡಿದೆ ಅಂದರೆ ದೃಷ್ಟಿ. ಸೊರಗಿದೆ ಅಂದರೆ ಅದಕ್ಕಿಂತ ಕೆಟ್ಟದ್ದು. ಬರಿಮೈಯ ಕೂಸನ್ನು ದಿನಾ ಕಾಲ ಮೇಲೆ ಹಾಕಿಕೊಳ್ಳುವವಳ ಬಾಯಲ್ಲಿ ಕೆಟ್ಟ ನುಡಿ ಬಂದರೆ ಅದು ಹತ್ತದೇ ಬಿಡುವುದಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ಪಕ್ಕದ ಓಣಿಯ ಭೂರಿಬಾಯಿಯೂ ಹಿಂದೆ ಎರೆಯುತ್ತಿದ್ದಳು. ಒಂದು ಮನೆಯಲ್ಲಿ, “ಯಾಕೋ ಇದರ ನೆತ್ತಿ ಭಾಳ ಒಳಗ ಹೋಗೇತಿ,” ಅಂದಳು. ಮರುವಾರ ಆ ಕೂಸು ಹೋಯಿತು. ಆಮೇಲೆ ಭೂರಿಬಾಯಿಯನ್ನು ಯಾರೂ ಕರೆಯಲಿಲ್ಲ. ಈಗ ಅವಳು ಬಸ್ ಸ್ಟಾಪಿನಲ್ಲಿ ಸೊಪ್ಪು ಮಾರುತ್ತಾಳೆ. ಎದುರಿಗೆ ಬಾಣಂತಿಯರು ಬಂದರೆ ತಾನೇ ಮುಖ ತಿರುಗಿಸಿಕೊಳ್ಳುತ್ತಾಳೆ.

ಶಾರದವ್ವನ ಮನೆಯೊಳಗೆ ಕತ್ತಲಿತ್ತು. ಗಾಳಿ ಬಡಿಯಬಾರದೆಂದು ಕಿಟಕಿಗೆ ಗೋಣಿಚೀಲ, ಬಾಗಿಲಿಗೆ ಹಳೆಯ ಕೌದಿ. ಮೂಲೆಯ ಹೊರಸಿನ ಮೇಲೆ ಸೊಸೆ ಶ್ವೇತಾ ತಲೆಗೆ ಬಟ್ಟೆ ಬಿಗಿದುಕೊಂಡು ಕುಳಿತಿದ್ದಳು. ಇಪ್ಪತ್ತೂ ತುಂಬದ ಹುಡುಗಿ. ಗಂಡ ಮುತ್ತು ಕೊರ್ಲಿಮ್ಮಿನ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುತ್ತಾನೆ, ಅಲ್ಲೇ ಶೆಡ್ಡಿನಲ್ಲಿ ಮಲಗಿ ಭಾನುವಾರ ಬರುತ್ತಾನೆ.

“ಬಾ ಯವ್ವಾ ಸಾವಂತ್ರಿ,” ಎಂದಳು ಶಾರದವ್ವ. “ನನ ಮೊಮ್ಮಗಳು ಭಾಳ ಶಾಣ್ಯಾ. ರಾತ್ರಿಯೆಲ್ಲಾ ಗಪ್ಪಗ ಮಲಗತೈತಿ. ಅವರಪ್ಪನ ಹಂಗಲ್ಲ. ಅವ ಓಣಿ ಎಬ್ಬಸ್ತಿದ್ದ.”

ಸಾವಂತ್ರೆವ್ವ ಮಣೆಯ ಮೇಲೆ ಕುಳಿತು ಕಾಲು ಚಾಚಿದಳು. ಕೂಸನ್ನು ಇಸಿದುಕೊಂಡು ಕಾಲ ಮೇಲೆ ಹಾಕಿಕೊಂಡಳು. ಹುಟ್ಟುವಾಗಲೇ ಸಣ್ಣದು. ಮೊದಲೆರಡು ದಿನ ಎಣ್ಣೆಯ ಕೈ ಬೆನ್ನಿಗೆ ತಾಗಿದರೆ ಕಪ್ಪೆಯ ಹಾಗೆ ಕಾಲು ಜಾಡಿಸುತ್ತಿತ್ತು. ಹಿಮ್ಮಡಿಯ ಆ ಒದೆತ ಅವಳ ಮೊಣಕಾಲಿಗೆ ತಾಕುತ್ತಿತ್ತು. ಇವತ್ತು ಬಿಸಿ ನೀರು ಬಿದ್ದರೂ ಕೂಸು ಒದ್ದೆ ಬಟ್ಟೆಯ ಹಾಗೆ ಕಾಲ ಮೇಲೆ ಬಿದ್ದುಕೊಂಡಿತ್ತು. ಒಮ್ಮೆ ಬಾಯಿ ತೆರೆಯಿತು. ಸದ್ದು ಹೊರಡಲಿಲ್ಲ.

“ಹಾಲ ಕುಡಿತೈತೇನವಾ?” ಮಾತು ಸಾಧಾರಣವಾಗಿ ಕೇಳಿಸುವಂತೆ ನೋಡಿಕೊಂಡು ಕೇಳಿದಳು.

ಶ್ವೇತಾ ಅತ್ತೆಯ ಕಡೆ ನೋಡಿ, “ಬಾಯಿಗೆ ಹಿಡಿತೈತಿ ದೊಡ್ಡವ್ವ. ಹಿಡದು ಮಲಗಿಬಿಡತೈತಿ,” ಎಂದಳು.

“ಹೊಟ್ಟಿ ತುಂಬಿದ್ರ ಮಲಗತೈತಿ. ಮತ್ತೇನ ಕುಣೀಬೇಕ?” ಶಾರದವ್ವ ಅರಿಶಿನದ ಬಟ್ಟಲು ಮುಂದೆ ತಳ್ಳಿದಳು.

ಸಾವಂತ್ರೆವ್ವನ ಬೆರಳು ಬಟ್ಟಲಿನ ಅಂಚಿಗೆ ಹೋಗಿ ನಿಂತವು. ಎಣ್ಣೆಗೆ ಅರಿಶಿನ ಕಲಸಿ ಮನೆಗೆ ಬಂದಂದಿನಿಂದ ಈ ಕೂಸಿಗೆ ತಾನೇ ಹಚ್ಚಿದ್ದಾಳೆ. ಹಣೆಗೆ, ಎದೆಗೆ, ತೊಡೆಯ ಸಂದಿಗೆ, ಅಂಗಾಲಿಗೆ. ಈ ಕತ್ತಲಲ್ಲಿ ಕೂಸು ಹಳದಿಯಾಗಿ ಕಂಡರೆ ಅದು ತನ್ನ ಕೈಯ ಹಳದಿ ಎಂದುಕೊಂಡಿದ್ದಳು. ದವಾಖಾನೆಯಿಂದ ಬಿಡುವ ದಿನ ಅಲ್ಲಿಯ ನರ್ಸಮ್ಮ ಹಿಂದಿಯಲ್ಲಿ ಏನೇನೋ ಹೇಳಿದ್ದಳು. ಕೂಸು ಸಣ್ಣದಿದೆ, ನೋಡಿಕೊಳ್ಳಿ, ಹಳದಿಯಾದರೆ ತನ್ನಿ, ನಮ್ಮ ಸಿಸ್ಟರು ಮನೆಗೇ ಬಂದು ನೋಡುತ್ತಾರೆ. ಆ ಎಲ್ಲದರಲ್ಲಿ ಸಾವಂತ್ರೆವ್ವ ಗಟ್ಟಿಯಾಗಿ ಹಿಡಿದುಕೊಂಡದ್ದು ಕೊನೆಯ ಮಾತನ್ನು. ಸಿಸ್ಟರು ಬರುತ್ತಾರೆ. ತಾನು ಬಾಯಿ ಬಿಡಬೇಕಾಗಿಲ್ಲ. ನೋಡುವವರು ನೋಡಿ, ಹೇಳುವವರು ಹೇಳುತ್ತಾರೆ.

ಐದನೆಯ ದಿನದ ಪೂಜೆ ಮುಗಿದು ಮತ್ತೆ ಎರಡು ದಿನವಾಗಿತ್ತು. ಸಿಸ್ಟರು ಬಂದಿರಲಿಲ್ಲ.

“ಇವತ್ತ ಬರೇ ಎಣ್ಣಿ ಸಾಕು,” ಎಂದಳು.

“ಯಾಕ? ಅರಿಶಿನ ಯಾಕ ಬ್ಯಾಡ?”

“ಮಳಿಗಾಲ ಐತಿ, ಮೈ ಒಣಗೂದಿಲ್ಲ. ನವೆ ಅಕ್ಕೈತಿ.” ಬಾಯಿಗೆ ಬಂದದ್ದನ್ನು ಹೇಳಿದಳು. ಕಡಲೆಹಿಟ್ಟಿನಿಂದ ಮೈ ತಿಕ್ಕಿ, ಹಳೆಯ ಅರಿಶಿನವೆಲ್ಲ ಹೋಗುವ ಹಾಗೆ ನೀರು ಹಾಕಿದಳು. ಒರೆಸಿ ಬಟ್ಟೆಯಲ್ಲಿ ಸುತ್ತುವ ನೆಪದಲ್ಲಿ ಬಾಗಿಲ ಹತ್ತಿರ ಸರಿದು, ಮೊಣಕೈಯಿಂದ ಕೌದಿಯನ್ನು ಒಂದಿಷ್ಟು ಸರಿಸಿದಳು. ಮೋಡದ ಬೆಳಕು ಒಳಗೆ ಬಂತು.

ಹಣೆ ಹಳದಿ. ಎದೆ ಹಳದಿ. ಹೊಟ್ಟೆಯ ಕೆಳಗೂ, ದವಾಖಾನೆಯಲ್ಲಿ ಕೆಂಪಗಿದ್ದ ಅಂಗಾಲೂ ಹಾಗೇ. ಹೆಬ್ಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಮೇಲೆತ್ತಿದಳು. ಕಣ್ಣಿನ ಬಿಳಿಯೂ ಬಿಳಿಯಾಗಿರಲಿಲ್ಲ. ಅಲ್ಲಿಗೆ ಯಾರೂ ಅರಿಶಿನ ಹಚ್ಚುವುದಿಲ್ಲ.

“ಗಾಳಿ ಬರತೈತಿ, ಮುಚ್ಚ!” ಎಂದು ಶಾರದವ್ವ ಒದರಿದಳು.

ಸಾವಂತ್ರೆವ್ವ ಮುಚ್ಚಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು. “ಸಿಸ್ಟರ್ ಬರಲೇ ಇಲ್ಲಲಾ ಶಾರದಾ?” ಎಂದಷ್ಟೇ ಕೇಳಿದಳು.

“ಬರಲಾರದ್ದ ಚಲೋನ ಆತು. ಕೂಸಿಗೆ ಏನರ ಆಗಿದ್ರ ಬಿಡ್ತಿದ್ರೇನ ಅವರು? ಓಡಿ ಬರ್ತಿದ್ರು. ಬಂದಿಲ್ಲ ಅಂದ್ರ ಎಲ್ಲಾ ಸುದ್ದ ಐತಿ ಅಂತ ತಿಳಕೋ.” ಶಾರದವ್ವ ದನಿ ತಗ್ಗಿಸಿದಳು. “ನನ ಮಗಳ ಕೂಸಿನ್ನ ಹಿಂಗ ಹುಬ್ಬಳ್ಳಿ ದವಾಖಾನಿಗೆ ಒಯ್ದಿದ್ವಿ. ಗಾಜಿನ ಪೆಟಗ್ಯಾಗ ಇಟ್ರು. ತಿರುಗಿ ಬಟ್ಟ್ಯಾಗ ಸುತ್ತಿ ಕೊಟ್ರು. ಇದನ್ನ ನಾ ಹೊಸ್ತಿಲಾ ದಾಟಸೂದಿಲ್ಲ, ತೊಟ್ಟಲಾ ಆಗೂತನಕ.”

ಸಾವಂತ್ರೆವ್ವ ಲೋಬಾನದ ಹೊಗೆ ಹಾಕದೆ ಎದ್ದಳು. ಶ್ವೇತಾ ಅದನ್ನು ಗಮನಿಸಿದಳು.

ಅಂಗನವಾಡಿ ಓಣಿಯ ತುದಿಯಲ್ಲಿತ್ತು. ಟೀಚರು ಮಕ್ಕಳಿಗೆ ಉಪ್ಪಿಟ್ಟು ಹಾಕುತ್ತಿದ್ದಳು. ಇವಳ ಮುಖ ನೋಡಿ ಸೌಟು ಕೆಳಗಿಟ್ಟಳು.

“ಸಣ್ಣ ಕೂಸು ಹುಟ್ಟಿದ್ರ ಮನಿಗೆ ಸಿಸ್ಟರ್ ಬರ್ತಾರ ಅಂದಿದ್ರಲ್ರೀ ಟೀಚರ. ನಮ್ಮ ಓಣಿಗೆ ಬಂದಿಲ್ಲ.”

“ಬರ್ತಾರ್ರಿ. ಮೊನ್ನೇನ ಬಂದಿದ್ರಲಾ, ಆ ಕಡೆ ಶಫೀಸಾಬನ ಮನಿಗೆ. ಕೂಸು ಯಾರದು?”

“ಮುತ್ತುಂದು. ಶಾರದವ್ವನ ಸೊಸಿ.”

“ಶ್ವೇತಾ ಹಡದಾಳ?” ಟೀಚರು ಹುಬ್ಬೇರಿಸಿದಳು. “ಅವರು ಇಲ್ಲೇ ಅದಾರ? ನಮಗ ಹೆಸರ ಬಂದೇ ಇಲ್ಲ. ದವಾಖಾನ್ಯಾಗ ಮನಿ ಎಲ್ಲೆ ಅಂತ ಹೇಳೀರಿ?”

ಸಾವಂತ್ರೆವ್ವನ ಕೈ ತಾನಾಗಿ ಬಾಯಿಗೆ ಹೋಯಿತು.

ದವಾಖಾನೆಯಿಂದ ಬಿಡುವ ಆ ದಿನ ವಾರ್ಡಿನಲ್ಲಿ ಸಾಲು ಮಂಚ, ಸಾಲು ಹೆಂಗಸರು. ಅರ್ಧಕ್ಕರ್ಧ ತಮ್ಮ ಕಡೆಯವರೇ. ಬಾಗಲಕೋಟೆಯವರು, ಕೊಪ್ಪಳದವರು, ಒಬ್ಬರಿಗೊಬ್ಬರು ಗುರುತಿದ್ದವರು. ಬರೆದುಕೊಳ್ಳುವ ಹುಡುಗಿ ಬಂದು, “ಘರ್ ಕಿಧರ್?” ಎಂದಳು. ಎಲ್ಲ ಮಂಚಗಳೂ ಕಿವಿ ತೆರೆದವು. ಚೊಚ್ಚಲ ಬಾಣಂತಿ ಹೋಗುವುದು ತವರಿಗೆ. ಗಂಡನ ಮನೆಗೆ ಹೋಗುತ್ತಾಳೆ ಅಂದರೆ ಅವಳಿಗೆ ತವರಿಲ್ಲ ಅಂತ ಊರಿಗೆಲ್ಲ ಸಾರಿದಂತೆ. ಶ್ವೇತಾಳ ತಾಯಿ ಹೋದ ವರ್ಷ ತೀರಿಕೊಂಡಿದ್ದಳು. ವಾಸ್ಕೊ ಕಡೆಯ ಮಂಗೋರ್ ಹಿಲ್ ಗುಡ್ಡದಲ್ಲಿ ಅಣ್ಣ ಶಂಕರಲಿಂಗ, ವೈನಿ ಜಯಶ್ರೀ ಇದ್ದರು. ಅವರು ಕರೆಯಲು ಬಂದಿರಲಿಲ್ಲ. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಕುತ್ತಿಗೆಯ ನರ ಬಿಗಿದದ್ದು ಸಾವಂತ್ರೆವ್ವನಿಗೆ ಕಂಡಿತು. ಶಾರದವ್ವ ಚಹಾ ತರಲು ಕೆಳಗೆ ಹೋಗಿದ್ದಳು. “ಮಂಗೋರ್ ಹಿಲ್ಲರಿ, ಅವರಣ್ಣನ ಮನಿ,” ಎಂದುಬಿಟ್ಟಳು ಸಾವಂತ್ರೆವ್ವ, ಎಲ್ಲರಿಗೂ ಕೇಳುವ ಹಾಗೆ. ಫೋನ್ ನಂಬರೂ ಅಣ್ಣನದನ್ನೇ ಕೊಡಿಸಿದಳು. ಹುಡುಗಿ ಹೊದಿಕೆಯ ಕೆಳಗಿಂದ ಕೈ ಚಾಚಿ ಅವಳ ಬೆರಳು ಹಿಡಿದುಕೊಂಡಿದ್ದಳು. ಎಂಥ ಒಳ್ಳೆಯ ಮಾತು ಆಡಿದೆ ಎಂದು ಆವತ್ತು ಅನಿಸಿತ್ತು.

ಅಂದರೆ ಸಿಸ್ಟರು ಬಂದಿದ್ದಾಳೆ. ಬೇರೆ ಗುಡ್ಡಕ್ಕೆ ಬಂದಿದ್ದಾಳೆ.

“ಟೀಚರ, ಆ ಸಿಸ್ಟರಗ ಒಂದ ಫೋನ ಹಚ್ಚರಿ.”

“ಮಂಗೋರ್ ಹಿಲ್ ನೋಡೋ ಸಿಸ್ಟರ್ ಬ್ಯಾರೆ, ಆಯಿ. ನಂಬರ ನನ್ನ ಕಡೆ ಇಲ್ಲ. ನಮ್ಮ ಸಿಸ್ಟರಗ ಹಚ್ಚತೇನಿ, ನಿಲ್ಲರಿ.” ಟೀಚರು ಹಚ್ಚಿದಳು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. “ಮೀಟಿಂಗನ್ಯಾಗ ಇರಬೇಕು. ಕೂಸಿಗೆ ಏನಾಗೇತಿ?”

ಉಪ್ಪಿಟ್ಟಿಗೆ ಕಾದು ನಿಂತ ಎರಡು ಮಕ್ಕಳ ತಾಯಂದಿರು ಬಾಗಿಲಲ್ಲೇ ಇದ್ದರು. ಸಾವಂತ್ರೆವ್ವ ಅವರನ್ನು ನೋಡಿದಳು. “ಏನಿಲ್ಲರಿ,” ಎಂದಳು. “ಸುಮ್ಮ ಕೇಳಿದ್ನಿ.”

ರಸ್ತೆಗೆ ಬಂದ ಮೇಲೆ ತನ್ನ ಮೇಲೆ ತನಗೇ ಹೇಸಿಕೆಯಾಯಿತು. ಏನಿಲ್ಲವಂತೆ. ತಿರುಗಿ ಹೋಗಿ ಹೇಳಬೇಕೆನಿಸಿತು. ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಿಗೆ ಜೋತು, “ವಾಸ್ಕೊ ವಾಸ್ಕೊ ವಾಸ್ಕೊ” ಅನ್ನುತ್ತಿದ್ದ. ಸೊಪ್ಪಿನ ಬುಟ್ಟಿಯ ಹಿಂದೆ ಕುಳಿತಿದ್ದ ಭೂರಿಬಾಯಿ, “ಎಲ್ಲಿಗೆ ಹೊಂಟಿ ಇಷ್ಟ ಅವಸರದಾಗ?” ಎಂದಳು. ಸಾವಂತ್ರೆವ್ವ ಹತ್ತಿದಳು. ಬಸ್ಸು ಹೊರಟಾಗ ಕಿಟಕಿಯಿಂದ ಭೂರಿಬಾಯಿಯ ಬುಟ್ಟಿ ಕಂಡಿತು, ಆಮೇಲೆ ಬರೀ ಮಳೆ.

ಮಂಗೋರ್ ಹಿಲ್ಲಿನ ಮೆಟ್ಟಿಲನ್ನು ಮೊಣಕಾಲಿಗೆ ಕೈ ಊರಿ ಏರಿದಳು. ಕೂಸು ಒದೆಯುತ್ತಿದ್ದ ಜಾಗ ಅದು. ಜಯಶ್ರೀ ಬಾಗಿಲಲ್ಲೇ ಕುಳಿತು ಬಟ್ಟೆ ಹಿಂಡುತ್ತಿದ್ದಳು.

“ಬರ್ರಿ ಅತ್ತಿ,” ಎಂದಳು. ಕಣ್ಣು ಮಾತ್ರ ಬಕೆಟ್ಟಿನಲ್ಲೇ ಇತ್ತು. “ಏನ, ನಮ್ಮನಿ ದಾರಿ ನೆನಪಾತು?”

“ನರ್ಸಮ್ಮ ಬಂದಿದ್ಲೇನ ಇಲ್ಲಿಗೆ, ಶ್ವೇತಾನ್ನ ಕೇಳಕೋತ?”

ಜಯಶ್ರೀ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. “ಬಂದಿದ್ಲು. ಎರಡ ಸಲ.”

“ಏನ ಹೇಳಿದಿ?”

“ಊರಿಗೆ ಹೋಗ್ಯಾರ ಅಂದ್ನಿ.”

“ಊರಿಗೆ?”

“ಮತ್ತ ಏನ ಹೇಳ್ಲಿ? ಈ ಸಾಲಿನ್ಯಾಗ ಎಲ್ಲಾರೂ ನಿಂತು ನೋಡಾಕತ್ತಿದ್ರು. ನಾದಿನಿ ಹಡದಾಳ, ವೈನಿ ಕರಕೊಂಡ ಬಂದಿಲ್ಲ, ಗಂಡನ ಮನ್ಯಾಗ ಬಾಣಂತನ ಮಾಡಾಕತ್ತಾರ ಅಂತ ಹೇಳ್ಲ್ಯಾ? ಮಾಲಕ ಈ ಖೋಲ್ಯಾಗ ಮತ್ತೊಬ್ರನ್ನ ಇಟಗೊಂಡ್ರ ಸಾಮಾನ ಹೊರಗ ಒಗಿತೇನಿ ಅಂದಾನ. ಅದನ್ನ ಯಾರಿಗೆ ಹೇಳ್ಲಿ? ಎಲ್ಲಾರಿಗೂ ಜಯಶ್ರೀನ ಕೆಟ್ಟಾಕಿ.” ಅವಳು ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಒಗೆದಳು. “ನೀವರ ಯಾಕ ಇಲ್ಲಿ ಮನಿ ಅಂತ ಬರಸಿದ್ರಿ? ನನ್ನ ಮಾನ ತೆಗ್ಯಾಕ?”

“ಅಕಿ ಮಾನ ಉಳಸಾಕ, ಯವ್ವಾ,” ಎಂದಳು ಸಾವಂತ್ರೆವ್ವ. ಮೆಟ್ಟಿಲ ಮೇಲೆಯೇ ಕುಸಿದು ಕುಳಿತಳು. “ನಾ ಅಕಿದು ಉಳಸಾಕ ಹೋದ್ನಿ. ನೀ ನಿಂದು ಉಳಸಾಕ ಹೋದಿ. ನಡಬರಕ ಕೂಸು…”

“ಕೂಸಿಗೇನಾಗೇತಿ?”

ಅಕ್ಕಪಕ್ಕದ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡಿದ್ದವು. ಸಾವಂತ್ರೆವ್ವ ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಜಯಶ್ರೀಯ ಒದ್ದೆ ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ, ಕಿವಿಯಲ್ಲಿ ಹೇಳಿದಳು. ಅದನ್ನು ಹೇಳಿದ್ದು ಅದೇ ಮೊದಲು. ಪಿಸುಮಾತಾದರೂ ಎದೆಯಿಂದ ಏನೋ ಕಿತ್ತು ಬಂದ ಹಾಗಾಯಿತು.

ಜಯಶ್ರೀ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದಳು. ಸಿಸ್ಟರು ನಂಬರು ಬಿಟ್ಟು ಹೋಗಿದ್ದಳು. ಗಂಟೆ ಹೊಡೆಯಿತು. ಇನ್ನೇನು ಕಡಿಯುತ್ತದೆ ಅನ್ನುವಾಗ ದನಿ ಬಂತು. ಕೊಂಕಣಿಯ ಹೆಂಗಸು. ಈ ಗುಡ್ಡ ಸುತ್ತಿ ಸುತ್ತಿ ಅರ್ಧ ಕನ್ನಡ ಕಲಿತಿದ್ದಳು.

“ಗಾಂವ್ ಹೋದ್ರು ಅಂದ್ರಿ! ಈಗ ಎಲ್ಲಿಂದ ಬಂತು ಬಚ್ಚಾ?”

“ಊರಿಗೆ ಹೋಗಿಲ್ರೀ ಸಿಸ್ಟರ್. ತಪ್ಪಾತು. ಝುವಾರಿನಗರದಾಗ ಐತಿ,” ಎಂದು ಜಯಶ್ರೀ ಫೋನನ್ನು ಸಾವಂತ್ರೆವ್ವನ ಕಿವಿಗೆ ಹಿಡಿದಳು.

“ಬಚ್ಚಾ ಹಾಲು ಕುಡೀತದ?”

“ಬಾಯಿಗೆ ಹಿಡದು ಮಲಗತೈತ್ರಿ.”

“ಅಳ್ತದ?”

“ನಿನ್ನೆಯಿಂದ ಇಲ್ಲರಿ.”

“ಹಳದಿ ಎಲ್ಲೀತನಕ? ಮುಖ? ಪೇಟ್?”

“ಅಂಗಾಲಿನತನಕರಿ.” ಸಾವಂತ್ರೆವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅರಿಶಿನ ಹಚ್ಚಿದ್ನಿರಿ ನಾನ. ಗೊತ್ತಾಗಲಿಲ್ರಿ.”

ಬೈಗುಳ ಬರುತ್ತದೆಂದು ಅವಳು ಕಾದಳು. ಬಂದ ದನಿ ಮೊದಲಿಗಿಂತ ಮೆತ್ತಗಿತ್ತು. ಅದೇ ಹೆಚ್ಚು ಹೆದರಿಸಿತು.

“ನೋಡ್ ಆಯಿ. ನನ್ನ ದಾರಿ ನೋಡಬೇಡ. ಈಗಲೇ ದವಾಖಾನಿ. ಅಮ್ಮನ ಸಂಗಡ. ನಾನು ಅಲ್ಲಿ ಡಾಕ್ಟರ್‌ಗೆ ಹೇಳ್ತೀನಿ, ಗಾಡಿ ಕಳಿಸ್ತೀನಿ. ಗಾಡಿ ಓಣಿ ಒಳಗೆ ಬರೋದಿಲ್ಲ. ಬಸ್ ಸ್ಟಾಪಿಗೆ ತಗೊಂಡು ಬಾ. ಮನಿ ಎಲ್ಲಿ ಅಂತ ಸರಿ ಹೇಳು, ಈ ಸಲ.”

ಶಾರದವ್ವನ ಫೋನಿಗೆ ಹಚ್ಚಿದರು. ಬಂದಾಗಿತ್ತು. ಫೋನಿನ ಗಾಳಿ ಕೂಸಿಗೆ ಆಗದೆಂದು ಅವಳು ಅದನ್ನು ಆರಿಸಿ ಡಬ್ಬದಲ್ಲಿ ಹಾಕಿಟ್ಟಿದ್ದಳು. ಮುತ್ತುವಿಗೆ ಹಚ್ಚಿದರು. ಕೆಲಸದ ವೇಳೆಯಲ್ಲಿ ಕಾರ್ಖಾನೆಯವರು ಫೋನು ಹತ್ತಿರ ಇಟ್ಟುಕೊಳ್ಳಲು ಬಿಡುವುದಿಲ್ಲ. ಸುಮ್ಮನೆ ರಿಂಗಾಗುತ್ತಲೇ ಇತ್ತು.

“ಬಸ್ಸಿಗೆ ಕಾಯಬ್ಯಾಡ್ರಿ,” ಎಂದು ಜಯಶ್ರೀ ಮೆಟ್ಟಿಲಿಳಿದು ಓಡಿ, ಕೆಳಗೆ ಬಾಡಿಗೆ ಬೈಕಿನ ಮೇಲೆ ಗಿರಾಕಿಗಾಗಿ ಕುಳಿತಿದ್ದ ಪೈಲಟ್ ಲಾಡಸಾಬನನ್ನು ಕರೆದಳು. ಸಾವಂತ್ರೆವ್ವ ಜೀವನದಲ್ಲಿ ಬೈಕಿನ ಹಿಂದೆ ಕುಳಿತವಳಲ್ಲ. ಸೀರೆ ಒಟ್ಟು ಮಾಡಿಕೊಂಡು ಹತ್ತಿದಳು.

“ಗಟ್ಟಿ ಹಿಡಕೋ ಆಯಿ,” ಎಂದ ಲಾಡಸಾಬ. “ನಾಚಕೋಬ್ಯಾಡ, ನಿನ ಮಗನ ವಯಸ್ಸಿನಾಂವ ಅದೇನಿ.”

“ನಾಚಿಕಿ ಅಲ್ಲಪಾ, ಅಂಜಿಕಿ. ನೀ ಜೋರ ಬಿಡ.”

“ಅತ್ತಿ,” ಜಯಶ್ರೀ ಬೈಕಿನ ಪಕ್ಕ ನಾಲ್ಕು ಹೆಜ್ಜೆ ಓಡಿದಳು. “ಶ್ವೇತಾಗ ಹೇಳ್ರಿ, ವೈನಿ ದವಾಖಾನಿಗೆ ಬರ್ತಾಳ ಅಂತ. ನಾ ಸೀದಾ ಅಲ್ಲೇ ಬರ್ತೇನಿ.”

ದಾರಿಯುದ್ದಕ್ಕೂ ಮಳೆಯ ಹನಿ ಮುಖಕ್ಕೆ ಹೊಡೆಯಿತು. ವಿಮಾನವೊಂದು ತಲೆಯ ಮೇಲೇ ಇಳಿದು ಹೋಯಿತು. ಸಾವಂತ್ರೆವ್ವ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಶಾರದವ್ವನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದಳು. ಸಿಸ್ಟರು ಕರೆಯುತ್ತಾಳೆ ಅನ್ನಲೇ. ಸುಮ್ಮನೆ ತೂಕ ನೋಡಿಸಿಕೊಂಡು ಬರೋಣ ಅನ್ನಲೇ. ಲಸಿಕೆ ಉಳಿದಿದೆ ಅನ್ನಲೇ. ಪ್ರತಿಯೊಂದಕ್ಕೂ ಶಾರದವ್ವನ ಉತ್ತರ ತಾನೇ ಕೊಟ್ಟುಕೊಂಡಳು. ನಾಳೆ ನೋಡೋಣ. ಭಾನುವಾರ ಮುತ್ತು ಬರಲಿ. ತೊಟ್ಟಿಲಾಗಲಿ.

ಓಣಿಯ ಬಾಯಿಗೆ ಬೈಕು ನಿಂತಿತು. ನಳದಲ್ಲಿ ನೀರು ಬಂದಿತ್ತು. ಕೊಡ ಹಿಡಿದ ಹೆಂಗಸರ ಸಾಲು ಶಾರದವ್ವನ ಬಾಗಿಲವರೆಗೂ ಇತ್ತು. ಮಾನಪ್ಪ ಆ ಸಾಲಿನಲ್ಲೇ ಕೊಡ ಇಟ್ಟುಕೊಂಡು ನಿಂತಿದ್ದ. ಪೈಲಟಿನ ಹಿಂದಿನಿಂದ ಇಳಿದ ಹೆಂಡತಿಯನ್ನು ನೋಡಿ ಚೇಷ್ಟೆ ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿ ಕೊಡ ಬದಿಗೆ ಸರಿಸಿದ.

ಅವಳು ಕೌದಿ ಸರಿಸಿದಳು. ಪೂರ್ತಿ ಸರಿಸಿ, ಮೊಳೆಗೆ ಸಿಕ್ಕಿಸಿದಳು.

“ಏ, ಗಾಳಿ!” ಶಾರದವ್ವ ಎದ್ದು ಬಂದಳು.

“ಕೂಸಿನ್ನ ಕೊಡವಾ ಶ್ವೇತಾ. ದವಾಖಾನಿಗೆ ಹೋಗೂದೈತಿ. ನೀನೂ ಏಳ.”

“ಯಾಕ? ಯಾರ ಹೇಳಿದ್ರು?”

ಜೋಡಿಸಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ. ಹೊರಗೆ ಕೊಡಗಳ ಸದ್ದು ನಿಂತಿತ್ತು. ಎಲ್ಲರೂ ಕೇಳುತ್ತಿದ್ದರು.

“ನಾ ಹೇಳಾಕತ್ತೇನಿ,” ಎಂದಳು ಸಾವಂತ್ರೆವ್ವ. “ಕೂಸಿಗೆ ಆರಾಮಿಲ್ಲ.”

ಶಾರದವ್ವನ ಮುಖದ ರಕ್ತ ಇಳಿಯಿತು. ತಟ್ಟನೆ ಕೈ ಎತ್ತಿ ಕೂಸಿನ ದಿಕ್ಕಿಗೆ ನಿವಾಳಿಸಿದಳು. “ಬಾಯಿ ತೊಳಕೋ! ನಿನ್ನ ಕಾಲ ಮ್ಯಾಲ ಹಾಕಿದ್ನಲ್ಲ ನನ ಕೂಸಿನ್ನ! ಮುಂಜಾನಿ ಅರಿಶಿನ ಬ್ಯಾಡ ಅಂದಾಗ ತಿಳೀಬೇಕಿತ್ತ ನನಗ. ಹೊಗಿ ಹಾಕಲಾರದ ಎದ್ದ ಹೋದಿ. ನಿನ್ನ ಕಣ್ಣ ಹತ್ತೇತಿ ಇದಕ್ಕ.”

“ಹತ್ತಿದ್ರ ಹತ್ತಿರಬೇಕ ಶಾರದಾ. ನಾಳೆಯಿಂದ ನನ್ನ ಕರೀಬ್ಯಾಡ. ಓಣ್ಯಾಗ ಯಾರೂ ಕರೀಬ್ಯಾಡ್ರಿ. ಈಗ ಒಂದ ಸಲ ಬೆಳಕನ್ಯಾಗ ಅದರ ಕಣ್ಣ ನೋಡ. ನನ ಕಣ್ಣ ಬಿಡ, ಅದರ ಕಣ್ಣ ನೋಡ.”

ಶಾರದವ್ವ ನೋಡಲಿಲ್ಲ. ನೋಡಿದವಳು ಶ್ವೇತಾ. ಬಾಗಿಲ ಬೆಳಕಿಗೆ ಕೂಸಿನ ಮುಖ ತಿರುಗಿಸಿ, ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿದಳು. ಇನ್ನೊಂದು ಕಣ್ಣಿನದನ್ನೂ ಎತ್ತಿದಳು. ಆಮೇಲೆ ತಲೆಯ ಬಟ್ಟೆ ಬಿಗಿ ಮಾಡಿಕೊಂಡು, ಕೂಸನ್ನು ಸಾವಂತ್ರೆವ್ವನ ತೋಳಿಗೆ ಕೊಟ್ಟು, ಚಪ್ಪಲಿ ಹುಡುಕಿದಳು.

“ಹೊಸ್ತಿಲಾ ದಾಟಬ್ಯಾಡ,” ಎಂದಳು ಶಾರದವ್ವ. ಅದು ಅಪ್ಪಣೆಯಾಗಿರಲಿಲ್ಲ, ಬೇಡಿಕೆಯಾಗಿತ್ತು. “ಶ್ವೇತಾ, ಕೈ ಮುಗಿತೇನಿ. ಆ ಗಾಜಿನ ಪೆಟಗಿ…”

“ಅತ್ತಿ, ನೀವೂ ಬರ್ರಿ,” ಎಂದಳು ಹುಡುಗಿ. ಹೊಸ್ತಿಲು ದಾಟಿದಳು.

ಹೆಂಗಸರ ಸಾಲು ಕೊಡಗಳನ್ನು ಎಳೆದುಕೊಂಡು ದಾರಿ ಬಿಟ್ಟಿತು. ಯಾರೋ ತಮ್ಮ ಹಸುಗೂಸಿನ ಮುಖಕ್ಕೆ ಸೆರಗು ಮುಚ್ಚಿದ್ದು ಸಾವಂತ್ರೆವ್ವನಿಗೆ ಕಂಡಿತು. ತನ್ನಿಂದ ಮರೆ ಮಾಡುತ್ತಿದ್ದಾರೆ. ಅವಳು ಕೂಸನ್ನು ಎದೆಗೆ ಅವಚಿ, ಅದರ ಬಾಯಿಯ ಹತ್ತಿರ ಕೆನ್ನೆ ಇಟ್ಟಳು. ಬೆಚ್ಚಗಿನ ಉಸಿರು ತಾಗಿತು. ಮತ್ತೆ ತಾಗುವವರೆಗೆ ತಾನು ಉಸಿರು ಬಿಡಲಿಲ್ಲ. ತಾಗಿತು. ರಸ್ತೆಯ ಕಡೆಯಿಂದ ಗಾಡಿಯ ಸೈರನ್ ಕೇಳಿಸುತ್ತಿತ್ತು.

ಹಿಂದೆ ಶಾರದವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದು ಕಾಲು ಹೊಸ್ತಿಲ ಹೊರಗಿತ್ತು. “ಸಾವಂತ್ರೀ,” ಎಂದು ಕೂಗಿದಳು, “ಅಲ್ಲೆ ಮತ್ತ ಮನಿ ಎಲ್ಲೆ ಅಂತ ಕೇಳ್ತಾರ. ಏನ ಹೇಳ್ತಿ?”

ಸಾವಂತ್ರೆವ್ವ ನಿಲ್ಲಲಿಲ್ಲ. ತಿರುಗಿಯೂ ನೋಡಲಿಲ್ಲ. “ಇದ ಹೇಳ್ತೇನಿ,” ಎಂದಳು, ಓಣಿಗೆಲ್ಲ ಕೇಳುವ ಹಾಗೆ, ನಡೆಯುತ್ತಲೇ. “ಝುವಾರಿನಗರ. ತಗಡಿನ ಓಣಿ, ನಳದ ಎದುರಿಗೆ, ಶಾರದವ್ವನ ಮನಿ, ಬಾಣಂತಿ ಇಲ್ಲೇ ಅದಾಳ, ಕೂಸಿನ ಹೆಸರ ಇನ್ನಾ ಇಟ್ಟಿಲ್ಲ, ಅದರ ಅಪ್ಪ ಮುತ್ತು, ಅದರ ಅವ್ವ ಶ್ವೇತಾ, ಕರಕೊಂಡ ಬಂದಾಕಿ ನಾ, ಬಾಜೂ ಮನಿ ಸಾವಂತ್ರೆವ್ವ.”